ಮಲಗದ ಕಗ್ಗ: ಕಗ್ಗ–ಜಯಾ ಸಂಕರಣದ ಕೆಲಸದ ಟಿಪ್ಪಣಿ

ಅಘನಾಶಿನಿ ಅಳಿವೆಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ), ಕುಮಟಾ ತಾಲೂಕಿನ ಮಾಣಿಕಟ್ಟಾ ಆಸುಪಾಸಿನಲ್ಲಿ, ಕಗ್ಗ ಎಂಬ ಭತ್ತ ಬೆಳೆಯುವವರಿಗೆ ಅದರ ಗುಣ ಹೇಳಿಕೊಡಬೇಕಾಗಿಲ್ಲ. ಉಪ್ಪು ತಡೆಯುತ್ತದೆ, ನೆರೆ ನೀರಿನಲ್ಲಿ ಮುಳುಗಿಯೂ ಎದ್ದು ಬರುತ್ತದೆ, ಗೊಬ್ಬರ ಕೇಳುವುದಿಲ್ಲ. ತೊಂದರೆ ಬರುವುದು ಅದನ್ನು ಗಜನಿಯ ಮೇಲಂಚಿನ ಗದ್ದೆಗೆ ತಂದಾಗ. ಅಲ್ಲಿ ನೀರು ಆಳವಾಗಿ ನಿಲ್ಲುವುದಿಲ್ಲ, ಉಪ್ಪು ಮಾತ್ರ ಬೇಸಿಗೆಯಲ್ಲಿ ಮೇಲೇರುತ್ತದೆ. ಉದ್ದ ದಂಟಿನ ಕಗ್ಗ ಕಾಳು ತುಂಬುವ ಹೊತ್ತಿಗೆ ಅಕ್ಟೋಬರಿನ ಒಂದು ಗಾಳಿಮಳೆಗೆ ಮಲಗಿಬಿಡುತ್ತದೆ. ಈ ಕೆಲಸ ಅಂಥ ಗದ್ದೆಗಾಗಿ: ಕಗ್ಗದ ಉಪ್ಪಿನ ತಾಳಿಕೆ, ಕೆಂಪಕ್ಕಿ ಎರಡನ್ನೂ ಉಳಿಸಿಕೊಂಡು, ಜಯಾ ಎಂಬ ಗಿಡ್ಡ ತಳಿಯೊಡನೆ ಸಂಕರಿಸಿ ಗಿಡವನ್ನು ಗಿಡ್ಡ ಮಾಡುವುದು.

ಗಜನಿಯ ನಡುಗದ್ದೆಗೆ ಗಿಡ್ಡ ಭತ್ತ ಬೇಡವೇ ಬೇಡ. ಗಿಡ್ಡತನ ತರುವ ಜೀನ್ ಎಸ್‌ಡಿ1. ಇದು ಸರಿಯಿದ್ದಾಗ ಗಿಬ್ಬರೆಲಿನ್ ಎಂಬ ಬೆಳವಣಿಗೆ ಹಾರ್ಮೋನು ತಯಾರಿಸುವ ಒಂದು ಕಿಣ್ವವನ್ನು ಕೊಡುತ್ತದೆ. ಜೀನಿನ ಒಂದು ತುಂಡು ಬಿದ್ದುಹೋದರೆ ಹಾರ್ಮೋನು ಕಡಿಮೆಯಾಗಿ ಗೆಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ. ಆಳನೀರಿನ ಭತ್ತಗಳು ನೀರೇರಿದಂತೆ ದಂಟು ಚಾಚುವುದಕ್ಕೂ ಇದೇ ಜೀನ್ ಸರಿಯಿರಬೇಕು. ಗಿಡ್ಡತನ ಬೇಕೆಂದರೆ ನೀರಿನಿಂದ ಎದ್ದು ಬರುವ ಸಾಮರ್ಥ್ಯದಲ್ಲಿ ಒಂದು ಪಾಲು ಬಿಟ್ಟುಕೊಡಬೇಕು. ಎರಡೂ ಒಂದೇ ಗಿಡದಲ್ಲಿ ಸಿಗುತ್ತದೆಂದು ಹೊರಟರೆ ವರ್ಷಗಳು ಹಾಳು. ತಳಿ ಅಭಿವೃದ್ಧಿಯ ಅರ್ಧ ಕೆಲಸ ಯಾವ ಗದ್ದೆಗೆ, ಯಾವುದಕ್ಕೆ ಅಲ್ಲ ಎಂದು ಮೊದಲೇ ಬರೆದಿಟ್ಟುಕೊಳ್ಳುವುದರಲ್ಲಿದೆ.

ಮೊದಲ ಮಳೆಗಾಲ: ತಂದೆ ತೆನೆ ಹುಡುಕುವುದು

ಗದ್ದೆಯಲ್ಲಿ ನಿಂತ ಕಗ್ಗ ಒಂದೇ ತಳಿಯಲ್ಲ. ಕರಿ ಕಗ್ಗ, ಬಿಳಿ ಕಗ್ಗ ಎಂದು ಹೊಟ್ಟಿನ ಬಣ್ಣದಿಂದ ಬೇರ್ಪಡಿಸುತ್ತಾರೆ ನಿಜ, ಆದರೆ ಒಂದೇ ಬಣ್ಣದ ಮುಡಿಯೊಳಗೂ (ಹುಲ್ಲಿನಲ್ಲಿ ಕಟ್ಟಿಟ್ಟ ಭತ್ತದ ಮೂಟೆಯೊಳಗೂ) ಹಲವು ವಂಶಗಳು ಕಲೆತಿರುತ್ತವೆ. ಭತ್ತ ತನ್ನ ಪರಾಗದಿಂದಲೇ ಕಾಳುಕಟ್ಟುವ ಬೆಳೆ. ಪರಪರಾಗ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಹಾಗಾಗಿ ಒಂದು ತೆನೆಯಿಂದ ಬಂದ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಜೀನ್ ಸಮೂಹದವು, ಪಕ್ಕದ ತೆನೆಯ ಮಕ್ಕಳು ಬೇರೆ ಇರಬಹುದು. ಮುಡಿ ಬಿಚ್ಚಿ ಒಂದು ಹಿಡಿ ಕಾಳು ತಂದು ಸಂಕರಣಕ್ಕೆ ಇಳಿದರೆ ಮುಂದೆ ಕಾಣುವ ವ್ಯತ್ಯಾಸ ಸಂಕರಣದಿಂದ ಬಂತೋ, ಮುಡಿಯಲ್ಲೇ ಇತ್ತೋ ತಿಳಿಯುವುದಿಲ್ಲ.

ಕೊಯ್ಲಿಗೆ ಮುಂಚೆ ಗದ್ದೆಯ ಒಳಭಾಗದಿಂದ 40 ತೆನೆ ಆರಿಸಿ, ಒಂದೊಂದನ್ನೂ ಬೇರೆ ಕಾಗದದ ಲಕೋಟೆಯಲ್ಲಿ ಹಾಕಬೇಕು. ಕಟ್ಟೆಯ ಅಂಚಿನ ಗಿಡ, ಪಕ್ಕದ ಗಿಡ ಸತ್ತು ಜಾಗ ಸಿಕ್ಕ ಗಿಡ ಮುಟ್ಟಬಾರದು. ಅವು ದಪ್ಪಗಿರುವುದು ಬಿಸಿಲು, ಗೊಬ್ಬರ ಹೆಚ್ಚು ಸಿಕ್ಕಿದ್ದಕ್ಕೆ. ಆ ದಪ್ಪತನ ಮಕ್ಕಳಿಗೆ ಬರುವುದಿಲ್ಲ. ಮುಂದಿನ ಜೂನ್‌ನಲ್ಲಿ ತೆನೆಗೊಂದು ಸಾಲು, ಸಾಲಿಗೆ 20 ಗಿಡ, ಕುಣಿಗೆ ಒಂದೇ ಸಸಿ. ಹೂಬಿಡುವ ದಿನ, ಎತ್ತರ, ಹೊಟ್ಟಿನ ಬಣ್ಣ, ಅಕ್ಕಿಯ ಬಣ್ಣ ಈ ನಾಲ್ಕರಲ್ಲಿ ಸಾಲು ಒಂದೇ ಸಮ ಇದ್ದರೆ ಇಟ್ಟುಕೊಳ್ಳುವುದು. ಒಡೆದಿದ್ದರೆ, ಅಂದರೆ ಗಿಡದಿಂದ ಗಿಡಕ್ಕೆ ಬೇರೆಯಾಗಿದ್ದರೆ, ಆ ತೆನೆ ಎಂದೋ ಪರಪರಾಗ ಪಡೆದದ್ದು. ಅದು ಊಟಕ್ಕೆ ಹೋಗಲಿ.

ಸಮವಾಗಿ ಬಂದ ಸಾಲಿನೊಳಗೆ ಮತ್ತೆ ‘ಒಳ್ಳೆಯ ಗಿಡ’ ಹುಡುಕುವ ಚಟ ಬಹಳ ಜನಕ್ಕಿದೆ. ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸನ್ 1903ರಲ್ಲಿ ಹುರುಳಿಕಾಯಿ ಬೀಜದ ಮೇಲೆ ಇದನ್ನೇ ಪರೀಕ್ಷಿಸಿದ. ಒಂದೇ ಬೀಜದಿಂದ ಇಳಿದ ಶುದ್ಧ ವಂಶದೊಳಗೆ ಭಾರದ ಬೀಜ ಬಿತ್ತಿದರೂ ಹಗುರ ಬೀಜ ಬಿತ್ತಿದರೂ ಮಕ್ಕಳ ಸರಾಸರಿ ತೂಕ ಒಂದೇ ಬಂತು. ವಂಶ ವಂಶಗಳ ನಡುವೆ ಆರಿಸಿದರೆ ಫಲ ಉಂಟು, ವಂಶದೊಳಗೆ ಆರಿಸಿದರೆ ಇಲ್ಲ. ‘ಜೀನ್’ ಎಂಬ ಶಬ್ದವನ್ನು 1909ರಲ್ಲಿ ಚಲಾವಣೆಗೆ ತಂದವನೂ ಇವನೇ. ಸಾಲಿನಲ್ಲಿ ಯಾವ ಗಿಡವಾದರೂ ಆದೀತು, ರೋಗವಿಲ್ಲದಿದ್ದರೆ ಸಾಕು.

ತಾಯಿ ಯಾರು?

ಗಿಡ್ಡತನಕ್ಕೆ ಜಯಾ ಆರಿಸಿಕೊಂಡದ್ದು ಸುಲಭವಾಗಿ ಸಿಗುತ್ತದೆ, ವಂಶ ಗೊತ್ತಿದೆ ಎಂಬ ಕಾರಣಕ್ಕೆ. 1968ರಲ್ಲಿ ಬಿಡುಗಡೆಯಾದ ಈ ತಳಿಯ ಗಿಡ್ಡತನ ತೈವಾನಿನ ಟಿಎನ್1 ತಳಿಯ ಮೂಲಕ, ಅದಕ್ಕೂ ಹಿಂದೆ ಡೀ-ಜಿಯೋ-ವೂ-ಜೆನ್ ಎಂಬ ಚೀನೀ ಮೂಲದ ಗಿಡ್ಡ ಭತ್ತದಿಂದ ಬಂದದ್ದು. 1966ರ ಐಆರ್8 ತಳಿಗೂ ಮೂಲ ಅದೇ.

ಜಯಾವನ್ನು ತಾಯಿಯಾಗಿ, ಕಗ್ಗವನ್ನು ತಂದೆಯಾಗಿ ಇಡಬೇಕು. ಗಿಡ್ಡತನ ದುರ್ಬಲ ಗುಣ, ಅಂದರೆ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಣುತ್ತದೆ. ಎತ್ತರ ಪ್ರಬಲ. ಜಯಾ ಹೂವಿನಲ್ಲಿ ಗಂಡುಭಾಗ ತೆಗೆಯುವಾಗ ಒಂದು ಪರಾಗಕೋಶ ಉಳಿದು ಸ್ವಪರಾಗವಾದರೆ ಮಗು ಗಿಡ್ಡವಾಗಿ ಹುಟ್ಟುತ್ತದೆ, ಸಂಕರಣ ನಿಜವಾಗಿ ಆಗಿದ್ದರೆ ಎತ್ತರವಾಗಿ. ಸಾಲಿನಲ್ಲಿ ನಿಂತಾಗಲೇ ಕಳ್ಳ ಸಿಕ್ಕಿಬೀಳುತ್ತಾನೆ. ತಿರುಗುಮುರುಗಾಗಿ ಕಗ್ಗವನ್ನು ತಾಯಿ ಮಾಡಿದರೆ ಸಂಕರ ಗಿಡವೂ ಎತ್ತರ, ಸ್ವಪರಾಗದ ಗಿಡವೂ ಎತ್ತರ. ಮುಂದಿನ ಪೀಳಿಗೆಯವರೆಗೆ ಮೋಸ ಗೊತ್ತಾಗುವುದಿಲ್ಲ.

ಹೂಬಿಡುವ ದಿನ ಹೊಂದಿಸುವುದು ಮುಂದಿನ ತಲೆನೋವು. ಜಯಾ ಬಿತ್ತಿದ ಮೇಲೆ ಸುಮಾರು 100 ದಿನಕ್ಕೆ ಹೂಬಿಡುತ್ತದೆ, ಕರಾವಳಿಯ ಮೋಡದ ದಿನಗಳಲ್ಲಿ ಇನ್ನಷ್ಟು ತಡ. ಹಾಗಾಗಿ ಕಗ್ಗವನ್ನು ಒಮ್ಮೆ ಬಿತ್ತಿ, ಜಯಾವನ್ನು 10 ದಿನದ ಅಂತರದಲ್ಲಿ ಮೂರು ಕಂತು ಬಿತ್ತುವುದು. 10 ಲೀಟರಿನ ತೂತಿಲ್ಲದ ಬಕೆಟ್, ಗದ್ದೆ ಮಣ್ಣು, ಬಕೆಟ್ಟಿಗೆ ಎರಡು ಗಿಡ. ತೆಂಡೆ (ಬುಡದ ಮರಿದಂಟು) ಒಡೆಯುವಾಗ ಒಮ್ಮೆ, ಹೊಡೆ (ತೆನೆ ಸುತ್ತಿದ ಎಲೆಕವಚ) ಬರುವ ಮುಂಚೆ ಒಮ್ಮೆ 1 ಗ್ರಾಂ ಯೂರಿಯಾ. ಬಕೆಟ್ಟಿನಲ್ಲೇ ಬೆಳೆಸುವುದೇಕೆಂದರೆ ಸೆಪ್ಟೆಂಬರಿನ ಮಳೆಗೆ ಜಗಲಿಗೆ ಎತ್ತಿಡಬಹುದು.

ಹೂವಿನ ಕೆಲಸ

ಭತ್ತದ ಒಂದೊಂದು ಹೂವಿನಲ್ಲಿ ಆರು ಪರಾಗಕೋಶ, ಒಂದು ಅಂಡಾಶಯ, ಅದರ ತುದಿಗೆ ಪರಾಗ ಹಿಡಿಯುವ ಗರಿಯಂತಹ ಎರಡು ಶಲಾಕಾಗ್ರ. ತೆನೆಯ ತುದಿಯಿಂದ ಶುರುವಾಗಿ ಕೆಳಗಿಳಿಯುತ್ತ ಐದಾರು ದಿನದಲ್ಲಿ ಹೂಗಳೆಲ್ಲ ಅರಳಿ ಮುಗಿಯುತ್ತವೆ. ಅರಳುವ ಹೊತ್ತು ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನದ ಒಳಗೆ, ಮೋಡವಿದ್ದರೆ ತಡ.

ಬೇಕಾಗುವ ಸಾಮಾನು: ಕಸೂತಿ ಕೆಲಸದ ಚಿಕ್ಕ ಕತ್ತರಿ, ಚೂಪು ಮೂತಿಯ ಚಿಮುಟ, 10 ಪಟ್ಟು ದೊಡ್ಡದು ಮಾಡುವ ಮಸೂರ, ಬಟರ್ ಪೇಪರಿನ ಉದ್ದ ಚೀಲ, ಕಾಗದದ ಕ್ಲಿಪ್, ಐಸ್‌ಕ್ರೀಮ್ ಡಬ್ಬಿ ಕತ್ತರಿಸಿ ಮಾಡಿದ ಚೀಟಿ, ಪೆನ್ಸಿಲ್. ಪೆನ್ನಿನ ಮಸಿ ಒಂದು ಮಳೆಗೆ ಹೋಗುತ್ತದೆ, ಪೆನ್ಸಿಲ್ ಕೊಯ್ಲಿನವರೆಗೂ ಇರುತ್ತದೆ. ಬಟರ್ ಪೇಪರಿನ ಚೀಲದ ಬದಲಿಗೆ ಪ್ಲಾಸ್ಟಿಕ್ ಕೊಟ್ಟೆ ಬರುವುದಿಲ್ಲ. ಒಳಗೆ ಬೆವತು ಕಾಳು ಬೂಸಲು ಹಿಡಿಯುತ್ತದೆ.

ಸಂಜೆ ನಾಲ್ಕರ ಮೇಲೆ, ಆ ದಿನದ ಹೂಗಳು ಮುಚ್ಚಿದ ನಂತರ, ಹೊಡೆಯಿಂದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೊರಬಂದ ಜಯಾ ತೆನೆ ಆರಿಸಬೇಕು. ತುದಿಯಲ್ಲಿ ಅರಳಿ ಮುಗಿದ ಹೂಗಳನ್ನು ಕತ್ತರಿಸಿ ಬಿಸಾಡಿ. ಅವುಗಳಲ್ಲಿ ಸ್ವಪರಾಗ ಆಗಿಹೋಗಿದೆ. ಬುಡದ ಎಳೆ ಹೂಗಳನ್ನೂ ತೆಗೆಯಿರಿ. ಉಳಿದವನ್ನು ಬೆಳಕಿಗೆ ಹಿಡಿದರೆ ಸಿಪ್ಪೆಯೊಳಗೆ ಪರಾಗಕೋಶದ ನೆರಳು ಕಾಣುತ್ತದೆ. ನೆರಳು ಹೂವಿನ ಅರ್ಧದವರೆಗೆ ಏರಿದ್ದರೆ ಅದು ನಾಳೆ ನಾಳಿದ್ದರಲ್ಲಿ ಅರಳುವ ಹೂವು, ನಮಗೆ ಬೇಕಾದದ್ದು ಅದೇ. ಅರ್ಧಕ್ಕಿಂತ ಕೆಳಗಿದ್ದರೆ ಎಳೆಯದು, ಅಂಡಾಶಯ ಪೆಟ್ಟು ತಾಳುವುದಿಲ್ಲ.

ಹೀಗೆ ಉಳಿದ 25–30 ಹೂಗಳ ಮೇಲಿನ ಮೂರನೇ ಒಂದು ಭಾಗವನ್ನು ಓರೆಯಾಗಿ ಕತ್ತರಿಸಿ. ತೀರ ಕೆಳಗೆ ಕತ್ತರಿಸಿದರೆ ಶಲಾಕಾಗ್ರ ಹೋಗುತ್ತದೆ, ತೀರ ಮೇಲೆ ಕತ್ತರಿಸಿದರೆ ಚಿಮುಟ ಇಳಿಯುವುದಿಲ್ಲ. ಚಿಮುಟದ ತುದಿಯನ್ನು ಸಿಪ್ಪೆಯ ಬದಿಗೆ ಒತ್ತಿಕೊಂಡೇ ಒಳಗಿಳಿಸಿ, ಆರೂ ಪರಾಗಕೋಶಗಳನ್ನು ಎತ್ತಿ ಉಗುರಿನ ಮೇಲಿಟ್ಟು ಎಣಿಸಿ. ಐದೇ ಬಂದರೆ ಆರನೆಯದು ಸಿಗುವವರೆಗೆ ಹುಡುಕಿ, ಸಿಗದಿದ್ದರೆ ಆ ಹೂವನ್ನೇ ಕತ್ತರಿಸಿ. ಚಿಮುಟದ ತುದಿಯಲ್ಲಿ ಕೋಶ ಒಡೆದು ಹಳದಿ ಹುಡಿ ಕಂಡರೆ ಚಿಮುಟವನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಣಗಿಸಿದ ಮೇಲೆಯೇ ಮುಂದಿನ ಹೂವು. ಮುಗಿದ ಕೂಡಲೇ ಚೀಲ ತೊಡಿಸಿ ಕ್ಲಿಪ್ ಹಾಕಿ.

ಕೈ ನಡುಗುವವರಿಗೆ ಬಿಸಿನೀರಿನ ದಾರಿ ಇದೆ. 43 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 5 ನಿಮಿಷ ತೆನೆ ಅದ್ದಿದರೆ ಪರಾಗ ಸಾಯುತ್ತದೆ, ಹೆಣ್ಣುಭಾಗ ಉಳಿಯುತ್ತದೆ. ಬಾಯಿ ಅಗಲದ ಥರ್ಮಾಸ್, ನಂಬಿಕೆಯ ಥರ್ಮಾಮೀಟರ್ ಬೇಕು. ಇದನ್ನು ಬೆಳಿಗ್ಗೆ ಹೂ ಅರಳುವ ಮುಂಚೆ ಮಾಡುವುದು. ಸ್ವಲ್ಪ ಹೊತ್ತಿಗೆ ಅರಳುವ ಹೂಗಳನ್ನಷ್ಟೇ ಇಟ್ಟುಕೊಂಡು ಅರಳದವನ್ನು ಕತ್ತರಿಸುವುದು. ಎರಡು ಡಿಗ್ರಿ ತಪ್ಪಿದರೂ ಒಂದೋ ಪರಾಗ ಬದುಕುತ್ತದೆ, ಇಲ್ಲ ತೆನೆ ಬೇಯುತ್ತದೆ. ನಮ್ಮ ಮತ ಕತ್ತರಿ ಚಿಮುಟಕ್ಕೇ.

ಮರುದಿನ ಬೆಳಿಗ್ಗೆ ಎಂಟೂವರೆಗೆ, ಆ ದಿನ ಅರಳಲಿರುವ ಕಗ್ಗದ ತೆನೆಗಳನ್ನು ದಂಟು ಸಮೇತ ಕತ್ತರಿಸಿ ನೀರಿನ ಬಾಟಲಿಯಲ್ಲಿ ನಿಲ್ಲಿಸಿ ಬಿಸಿಲಿಗಿಡಿ. ಹೂ ಅರಳಿ ಪರಾಗಕೋಶ ಹೊರಗೆ ತೂಗಿದೊಡನೆ ಜಯಾದ ಚೀಲದ ತುದಿ ಕತ್ತರಿಸಿ, ಕಗ್ಗದ ತೆನೆಯನ್ನು ತಲೆಕೆಳಗಾಗಿ ಒಳಗೆ ಹಿಡಿದು ಬೆರಳಲ್ಲಿ ತಟ್ಟಬೇಕು. ಭತ್ತದ ಪರಾಗಕ್ಕೆ ಆಯುಸ್ಸು ಕೆಲವೇ ನಿಮಿಷ. ತೆನೆ ತಂದಿಟ್ಟು ಚಹಾ ಕುಡಿದು ಬಂದರೆ ತಟ್ಟುವುದು ಬರೀ ಹುಡಿ. ಶಲಾಕಾಗ್ರ ಮಾತ್ರ ಎರಡು ಮೂರು ದಿನ ಪರಾಗ ಹಿಡಿಯುತ್ತದೆ, ಹಾಗಾಗಿ ಮಾರನೆಯ ದಿನ ಇನ್ನೊಮ್ಮೆ ತಟ್ಟುವುದು ಒಳ್ಳೆಯದು. ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ಗುಣಾಕಾರದ ಗುರುತು, ತಂದೆಯ ಸಾಲಿನ ಸಂಖ್ಯೆ, ತಾರೀಖು.

ಐದನೇ ದಿನಕ್ಕೆ ಅಂಡಾಶಯ ಉಬ್ಬಿದ್ದು ಕಾಣುತ್ತದೆ. ಎಲ್ಲ ಹೂವೂ ಕಟ್ಟುವುದಿಲ್ಲ. ಮೊದಲ ಸಲ ಮಾಡುವವರಿಗೆ ತೆನೆಗೆ ನಾಲ್ಕೈದು ಕಾಳು ಬಂದರೂ ತೊಂದರೆಯಿಲ್ಲ, ಏಕೆಂದರೆ ಒಂದು ಸಂಕರ ಗಿಡವೇ ಮುಂದಿನ ಪೀಳಿಗೆಗೆ ನೂರಾರು ಕಾಳು ಕೊಡುತ್ತದೆ. ಅವನ್ನು ಉಳಿಸಿಕೊಳ್ಳುವುದು ಕಷ್ಟ. ಸಿಪ್ಪೆ ಕತ್ತರಿಸಿದ್ದರಿಂದ ಕಾಳು ಅರೆಬತ್ತಲೆ: ಇರುವೆ, ಬೂಸಲು, ತೆನೆ ತಿಗಣೆ ಎಲ್ಲಕ್ಕೂ ಸುಲಭದ ತುತ್ತು. 25–30 ದಿನಕ್ಕೆ ಕೊಯ್ದು ನೆರಳಲ್ಲಿ ಒಣಗಿಸಿ, ಚಿಕ್ಕ ಸೀಸೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು.

ಇಲ್ಲೊಂದು ಸಂಗತಿ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಆ ಕಾಳುಗಳನ್ನು ಬಿಡಿಸಿ ನೋಡಿದರೆ ಅಕ್ಕಿ ಕೆಂಪಿರುವುದಿಲ್ಲ, ಜಯಾದ ಬಣ್ಣವೇ ಇರುತ್ತದೆ. ಕೆಂಪು ಇರುವುದು ಅಕ್ಕಿಯ ಹೊರಪದರದಲ್ಲಿ, ಆ ಪದರ ತಾಯಿಯ ಮೈಯಿಂದ ಬೆಳೆದದ್ದು. ಹೊಟ್ಟೂ ತಾಯಿಯದೇ. ಮಗುವಿನ ಜೀನ್ ಇರುವುದು ಒಳಗಿನ ಮೊಳಕೆಯಲ್ಲಿ (ಪಿಷ್ಟದ ಭಾಗದಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು). ಕೆಂಪಿಲ್ಲವೆಂದು ಈ ಕಾಳು ಎಸೆದವರಿದ್ದಾರೆ.

ಎಫ್1

ಎಫ್1 ಎಂದರೆ ಸಂಕರಣದ ಮೊದಲ ಪೀಳಿಗೆ. ಕಾಳನ್ನು ಒದ್ದೆ ಫಿಲ್ಟರ್ ಕಾಗದದ ಮೇಲೆ ಮೊಳೆಸಿ, ಒಂದೂವರೆ ಇಂಚು ಬೇರು ಬಂದ ಮೇಲೆ ಕುಂಡಕ್ಕೆ. ಹೊಸ ಕಾಳಿಗೆ ಸುಪ್ತಾವಸ್ಥೆ ಇದ್ದರೆ ಮೊಳೆಯದೆ ಕೊಳೆಯುತ್ತದೆ. 50 ಡಿಗ್ರಿಯಲ್ಲಿ 5 ದಿನ ಒಣಶಾಖ ಕೊಟ್ಟರೆ ಬಿಡುತ್ತದೆ. ಗಿಡ್ಡವಾಗಿ ಬಂದವನ್ನು ಕಿತ್ತುಹಾಕಿ. ಎತ್ತರದವು ಸಂಕರ, ಅವುಗಳ ತೆನೆಯಲ್ಲಿ ಕಾಳೆಲ್ಲ ಕೆಂಪಕ್ಕಿ. ಕರಿ ಕಗ್ಗ ತಂದೆಯಾಗಿದ್ದರೆ ಹೊಟ್ಟೂ ಕಪ್ಪು ಬರುತ್ತದೆ.

ಈ ಕಾಳುಗಳು ಎಫ್2, ಅಂದರೆ ಎರಡನೇ ಪೀಳಿಗೆ. ಇವೂ ಎಲ್ಲವೂ ಕೆಂಪೇ ಇವೆ ಎಂದು ಬಿಳಿ ಹೋಯಿತೆಂದುಕೊಳ್ಳಬಾರದು. ಹೊರಪದರ ಎಫ್1 ತಾಯಿಯದು, ಅದರಲ್ಲಿ ಒಂದು ಕೆಂಪು ಜೀನ್ ಇದೆ, ಹಾಗಾಗಿ ಎಲ್ಲ ಕೆಂಪು. ಬಣ್ಣ ಒಡೆಯುವುದು ಕಾಣಬೇಕಾದರೆ ಈ ಕಾಳು ಬಿತ್ತಿ, ಗಿಡವಾಗಿ, ಅವುಗಳ ತೆನೆ ಬಿಡಿಸಬೇಕು. ಎತ್ತರದಲ್ಲಿ ಈ ತಡ ಇಲ್ಲ. ದಂಟು ಮಗುವಿನದೇ ಮೈ.

ಎರಡನೇ ಪೀಳಿಗೆ: 160 ಗಿಡ

160 ಎಂಬುದು ಲೆಕ್ಕದಿಂದ ಬಂದ ಸಂಖ್ಯೆ. ಎತ್ತರಕ್ಕೂ ಗಿಡ್ಡಕ್ಕೂ ಮೂರಕ್ಕೊಂದರ ಪ್ರಮಾಣ ಬರಬೇಕು, ಅಂದರೆ 120 ಎತ್ತರ, 40 ಗಿಡ್ಡ. ಗಿಡ್ಡದಲ್ಲಿ ಮುಕ್ಕಾಲು ಪಾಲು, ಸುಮಾರು 30, ಕೆಂಪಕ್ಕಿಯವು. ಆ 30ರಲ್ಲಿ ಮೂರನೇ ಒಂದು ಮಾತ್ರ, 10 ಗಿಡ, ಕೆಂಪಿಗೆ ಶುದ್ಧ. ಉಪ್ಪಿನ ಪರೀಕ್ಷೆಗೆ ಹೋಗುವ 30ರಲ್ಲಿ ಬಣ್ಣಕ್ಕೆ ಗಟ್ಟಿಯಾದವು ಇಷ್ಟೇ. 40 ಗಿಡ ನೆಟ್ಟರೆ ಈ 10 ಎರಡೂವರೆಯಾಗುತ್ತದೆ, ಆರಿಸಲು ಏನೂ ಇರುವುದಿಲ್ಲ.

ಅಂತರ 20×20 ಸೆಂಟಿಮೀಟರ್, ಕುಣಿಗೆ ಒಂದು ಸಸಿ. 160 ಗಿಡಕ್ಕೆ ಆರೂವರೆ ಚದರ ಮೀಟರ್ ಸಾಕು, ಸುತ್ತ ಎರಡು ಸಾಲು ಕಾವಲು ಗಿಡ ಬೇರೆ. ಅದೇ ಮಡಿಯಲ್ಲಿ ಜಯಾ ಒಂದು ಸಾಲು, ಕಗ್ಗ ಒಂದು ಸಾಲು ಇರಲೇಬೇಕು. ಅವೆರಡೂ ಶುದ್ಧ, ಅವುಗಳೊಳಗಿನ ಎತ್ತರದ ಏರಿಳಿತವೆಲ್ಲ ಮಣ್ಣು ನೀರಿನದು. ಎಫ್2ರಲ್ಲಿ ಅದಕ್ಕಿಂತ ಹೆಚ್ಚು ಕಂಡದ್ದಷ್ಟೇ ಜೀನಿನದು.

ಕೊಯ್ಲಿನ ಹೊತ್ತಿಗೆ ಮಣ್ಣಿನಿಂದ ಅತಿ ಉದ್ದದ ತೆನೆಯ ತುದಿಯವರೆಗೆ ಅಳೆದು, 5 ಸೆಂಟಿಮೀಟರಿಗೊಂದು ಗುಂಪು ಮಾಡಿ ಚೌಕಳಿ ಕಾಗದದಲ್ಲಿ ಬಿಡಿಸಿದರೆ ಎರಡು ದಿಬ್ಬ ಕಾಣಬೇಕು. ನಡುವಿನ ತಗ್ಗೇ ಗಡಿ. ಗಿಡ್ಡದ ಎಣಿಕೆ 30ರಿಂದ 50ರ ಒಳಗಿದ್ದರೆ ಮೂರಕ್ಕೊಂದು ಎಂದು ಒಪ್ಪಬಹುದು: ಕೈ-ವರ್ಗ (chi-square) ಪರೀಕ್ಷೆಯಲ್ಲಿ, ಅಂದರೆ ಎಣಿಕೆ ನಿರೀಕ್ಷೆಗೆ ಹೊಂದುತ್ತದೆಯೇ ಎಂದು ನೋಡುವ ಲೆಕ್ಕದಲ್ಲಿ, ಬೆಲೆ 3.84 ದಾಟುವುದು 40ರಿಂದ 11 ಅತ್ತಿತ್ತ ಆದಾಗ. ತೀರ ಕಡಿಮೆ ಬಂದರೆ ಮೊದಲು ಸಸಿಮಡಿ ನೋಡಿ. ಕಿತ್ತು ನೆಡುವಾಗ ಚಿಕ್ಕ ಸಸಿ ಬಿಟ್ಟು ದೊಡ್ಡದನ್ನೇ ಆರಿಸಿದರೆ ಗಿಡ್ಡ ಜೀನಿನವು ಮಡಿಯಲ್ಲೇ ಉಳಿದವು. ನೆಡುವವರಿಗೆ ಇದು ಸಹಜ ಅಭ್ಯಾಸ, ಹೇಳಿ ತಡೆಯಬೇಕು. ಎರಡು ದಿಬ್ಬ ಕಾಣದೆ ಒಂದೇ ಉದ್ದ ಗುಡ್ಡ ಕಂಡರೆ ಎಸ್‌ಡಿ1 ಅಲ್ಲದೆ ಸಣ್ಣ ಪರಿಣಾಮದ ಬೇರೆ ಜೀನುಗಳೂ ಒಡೆಯುತ್ತಿವೆ, ಇಲ್ಲವೇ ಮಡಿಯ ಒಂದು ಬದಿ ಹೆಚ್ಚು ಫಲವತ್ತು.

ಮೆಂಡೆಲ್‌ನ ಬಟಾಣಿಯಲ್ಲಿ ಗಿಡ್ಡ ಗಿಡ ಕೊಟ್ಟ ಜೀನ್ ಕೂಡ ಗಿಬ್ಬರೆಲಿನ್ ತಯಾರಿಯದೇ, ಆ ಸರಪಳಿಯ ಇನ್ನೊಂದು ಹೆಜ್ಜೆಯದು. 1866ರಲ್ಲಿ ಅವನು ಅಚ್ಚು ಹಾಕಿಸಿದ ಮೂರಕ್ಕೊಂದು, ನೂರು ವರ್ಷದ ನಂತರದ ಐಆರ್8, ಕುಮಟೆಯ ಬಕೆಟ್ಟು, ಮೂರಕ್ಕೂ ರಸಾಯನ ಒಂದೇ.

ಎಫ್2 ಗಿಡವನ್ನು ಇಳುವರಿ ನೋಡಿ ಆರಿಸಬೇಡಿ. ಎತ್ತರದ ಗಿಡದ ನೆರಳಲ್ಲಿ ನಿಂತ ಗಿಡ್ಡ ಗಿಡಕ್ಕೆ ತೆಂಡೆ ಕಡಿಮೆ. ಗಿಡ್ಡಗಳೇ ಇರುವ ಗದ್ದೆಯಲ್ಲಿ ಅದು ಹಾಗಿರುವುದಿಲ್ಲ. ಇಳುವರಿ ಹತ್ತಾರು ಜೀನು, ಅದರ ಮೇಲೆ ಮಣ್ಣಿನ ಆಟ. ಈ ಹಂತದಲ್ಲಿ ಎತ್ತರ, ಬಣ್ಣ, ಹೂಬಿಡುವ ದಿನ, ಕಾಳು ಉದುರುವಿಕೆ ಇಷ್ಟನ್ನು ಮಾತ್ರ ನಂಬಬಹುದು.

ಬಣ್ಣದ ಲೆಕ್ಕವೂ ಕೆಲವೊಮ್ಮೆ ಮೂರಕ್ಕೊಂದು ಬರುವುದಿಲ್ಲ. ಕೆಂಪಕ್ಕಿಗೆ 7ನೇ ವರ್ಣತಂತುವಿನ ಆರ್‌ಸಿ ಜೀನ್ ಸರಿಯಿರಬೇಕು. ಬಿಳಿ ಅಕ್ಕಿಯ ತಳಿಗಳಲ್ಲಿ ಬಹುಪಾಲು ಇದರ ಡಿಎನ್ಎಯ 14 ಅಕ್ಷರ ಬಿದ್ದುಹೋಗಿದೆ. ಅದರ ಜೊತೆಗೆ 1ನೇ ವರ್ಣತಂತುವಿನ ಆರ್‌ಡಿ ಜೀನೂ ಬೇಕು, ಅದಿಲ್ಲದಿದ್ದರೆ ಕೆಂಪಿನ ಬದಲು ಕಂದು. ಎರಡೂ ಒಡೆದರೆ 9 ಕೆಂಪು, 3 ಕಂದು, 4 ಬಿಳಿ. ಕಂದು ಕಂಡವರು ಕಾಳು ಬಲಿತಿಲ್ಲ ಎಂದುಕೊಳ್ಳುತ್ತಾರೆ. ಕಪ್ಪು ಹೊಟ್ಟಿಗೂ ಒಂದಕ್ಕಿಂತ ಹೆಚ್ಚು ಜೀನ್ ಕೈಗೂಡಬೇಕು, ಅಲ್ಲಿ 9ಕ್ಕೆ 7 ಬಂದರೆ ಗಾಬರಿ ಬೇಡ. ಹೊಟ್ಟಿನ ಬಣ್ಣ ನಮಗೆ ಹೇಗೂ ಬೇಕಿಲ್ಲ.

ಉಪ್ಪಿನ ತೊಟ್ಟಿ

ಗಿಡ್ಡ-ಕೆಂಪು ಎಂದು ಉಳಿದ 30 ಗಿಡಗಳ ಕಾಳನ್ನು ಬೇರೆ ಬೇರೆ ಇಟ್ಟು, ಪ್ರತಿಯೊಂದರಿಂದ 20 ಕಾಳು ಉಪ್ಪಿನ ಪರೀಕ್ಷೆಗೆ. ಒಂದು ಎಫ್2 ಗಿಡವನ್ನೇ ಉಪ್ಪಿಗೆ ಹಾಕಿದರೆ ಸತ್ತರೆ ವಂಶವೇ ಹೋಯಿತು, ಬದುಕಿದರೆ ಅದೃಷ್ಟವೋ ಜೀನೋ ತಿಳಿಯದು. 20 ಮಕ್ಕಳು ತಾಯಿಯ ಗುಟ್ಟು ಹೇಳುತ್ತವೆ.

ಒಂದಿಂಚು ದಪ್ಪದ ಥರ್ಮೋಕೋಲ್ ಹಲಗೆಗೆ ತೂತು, ಕೆಳಗೆ ನೈಲಾನ್ ಬಲೆ ಹೊಲಿದು, 12 ಲೀಟರ್ ಆಳವಿಲ್ಲದ ತೊಟ್ಟಿಯ ಮೇಲೆ ತೇಲಿಸುವುದು. ತೂತಿಗೆ ಎರಡು ಮೊಳಕೆ ಕಾಳು. ಮೊದಲ ಕೆಲವು ದಿನ ಬರೀ ನೀರು, ಆಮೇಲೆ ಪೋಷಕ ದ್ರಾವಣ. ಸಸಿಗಳಿಗೆ ಎರಡು ವಾರವಾದ ಮೇಲೆ ಉಪ್ಪು: ಮೊದಲ ಮೂರು ದಿನ ಮೀಟರಿಗೆ 6 ಡೆಸಿಸೀಮೆನ್ಸ್ (ನೀರಿನ ಉಪ್ಪನ್ನು ವಿದ್ಯುತ್ ವಾಹಕತೆಯಿಂದ ಅಳೆಯುವ ಮಾನ), ನಂತರ 12. ಲೀಟರಿಗೆ 3 ಗ್ರಾಂಗಿಂತ ತುಸು ಹೆಚ್ಚು, ಆಮೇಲೆ ಆರೂವರೆ ಗ್ರಾಂ ಎಂಬುದು ಶುದ್ಧ ಉಪ್ಪಿನ ಲೆಕ್ಕ. ಸಾಣಿಕಟ್ಟಾದ ಹರಳುಪ್ಪು ಬಳಸಬಹುದು, ಆದರೆ ಅದರಲ್ಲಿ ತೇವ ಇರುತ್ತದೆ, ಬೇರೆ ಲವಣಗಳೂ ಇರುತ್ತವೆ; ತೂಕ ನಂಬದೆ ಇ.ಸಿ. (ವಿದ್ಯುತ್ ವಾಹಕತೆಯ) ಮೀಟರ್ ನೋಡಿಯೇ ಹಾಕಬೇಕು. ಹೋಲಿಸಿ ನೋಡುವುದಾದರೆ ಸಮುದ್ರದ ನೀರು 50ರ ಆಸುಪಾಸು, ಸಾಮಾನ್ಯ ಭತ್ತದ ಇಳುವರಿ ಇಳಿಯತೊಡಗುವುದು ಮಣ್ಣಿನಲ್ಲಿ 3 ದಾಟಿದಾಗಲೇ.

ತೊಟ್ಟಿಯ ಎರಡು ತುದಿಗೂ ಜಯಾ, ಕಗ್ಗ ಎರಡೂ ಇರಲಿ. 10ನೇ ದಿನ ಒಮ್ಮೆ, 16ನೇ ದಿನ ಒಮ್ಮೆ ಅಂಕ: 1 ಅಂದರೆ ಹಾನಿಯಿಲ್ಲ, 3 ಎಲೆತುದಿ ಬಿಳಿಚಿದೆ, 5 ಬೆಳವಣಿಗೆ ಕುಂಠಿತ ಎಲೆ ಸುರುಳಿ, 7 ಬೆಳವಣಿಗೆ ನಿಂತು ಎಲೆ ಒಣಗಿದೆ, 9 ಸತ್ತಿದೆ. ಜಯಾ 7–9ಕ್ಕೆ ಹೋಗುವವರೆಗೆ ಯಾವ ಸಾಲಿನ ಅಂಕಕ್ಕೂ ಬೆಲೆಯಿಲ್ಲ.

ಕರಾವಳಿಯಲ್ಲಿ ಈ ಪರೀಕ್ಷೆ ಕೆಡುವುದು ಮುಖ್ಯವಾಗಿ ಕಾಲದಿಂದ. ಜುಲೈನಲ್ಲಿ ಮಾಡಿದರೆ ಎಲ್ಲವೂ ಗೆಲ್ಲುತ್ತವೆ, ಜಯಾ ಕೂಡ. ಗಾಳಿಯಲ್ಲಿ ತೇವ ತುಂಬಿರುವಾಗ ಎಲೆ ನೀರು ಬಿಡುವುದು ಕಡಿಮೆ, ಬೇರು ಎಳೆಯುವ ನೀರು ಕಡಿಮೆ, ಅದರ ಜೊತೆ ಎಲೆಗೆ ಏರುವ ಸೋಡಿಯಂ ಕಡಿಮೆ. ಫೆಬ್ರುವರಿ–ಮಾರ್ಚಿನ ಬಿಸಿಲಲ್ಲಿ ಮಾಡಿದರೆ ನಿಜ ಹೊರಬರುತ್ತದೆ. ಆಗ ಆವಿಯಾಗಿ ಉಪ್ಪು ಗಟ್ಟಿಯಾಗುತ್ತದೆ; ದಿನಾ ಬರೀ ನೀರು ಸೇರಿಸಿ ಗುರುತಿನ ಗೆರೆಗೆ ತರಬೇಕು. ದ್ರಾವಣವನ್ನು ವಾರಕ್ಕೊಮ್ಮೆ ಬದಲಿಸಿ. ಪಿಎಚ್ (ಆಮ್ಲತೆಯ ಅಳತೆ) 5ರ ಹತ್ತಿರ ಇಡಿ. 6 ದಾಟಿದರೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ. ಉಪ್ಪಿನ ಪೆಟ್ಟು ಹಳೆ ಎಲೆಯ ತುದಿಯಿಂದ, ಕಬ್ಬಿಣದ ಕೊರತೆ ಹೊಸ ಎಲೆಯಿಂದ ಶುರು. ಇಷ್ಟು ಗೊತ್ತಿದ್ದರೆ ಬೆರೆಯುವುದಿಲ್ಲ.

ಉಪ್ಪು ತಡೆಯುವ ಕೇರಳದ ಪೊಕ್ಕಾಳಿ ಭತ್ತದಲ್ಲಿ ಗುರುತಿಸಿದ ಸಾಲ್ಟಾಲ್ ಎಂಬ ಭಾಗ 1ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿದೆ. ಎಲೆಗೆ ಸೋಡಿಯಂ ಏರದಂತೆ ತಡೆದು ಪೊಟ್ಯಾಸಿಯಂ ಸಮತೋಲ ಕಾಯುವುದು ಅಲ್ಲಿನ ಕೆಲಸ. ಎಸ್‌ಡಿ1 ಇರುವುದೂ 1ನೇ ವರ್ಣತಂತುವಿನಲ್ಲೇ, ಆದರೆ ಉದ್ದ ತೋಳಿನಲ್ಲಿ. ನಡುವೆ ದೂರ ಹೆಚ್ಚಿದ್ದರಿಂದ ಗಿಡ್ಡ ಆರಿಸಿದ ಮಾತ್ರಕ್ಕೆ ಆ ಭಾಗವೂ ಜಯಾದ್ದೇ ಬರಬೇಕೆಂದಿಲ್ಲ. ಉಪ್ಪಿನ ತಾಳಿಕೆ ಒಂದೇ ಜೀನಿನ ಗುಣವಲ್ಲವಾದ್ದರಿಂದ ಮೂರಕ್ಕೊಂದರ ಲೆಕ್ಕ ಇಲ್ಲಿ ಹುಡುಕಬೇಡಿ. 20 ಸಸಿಗಳ ಸರಾಸರಿ ಅಂಕದಿಂದ ಸಾಲುಗಳನ್ನು ಸಾಲಾಗಿ ನಿಲ್ಲಿಸಿ ಅತಿ ಕಡಿಮೆ ಅಂಕದ 10 ತೆಗೆದುಕೊಳ್ಳಿ. ಎಳೆಯದರಲ್ಲಿ ಗೆದ್ದದ್ದು ಹೂಬಿಡುವಾಗ ಸೋಲಬಹುದು, ಭತ್ತಕ್ಕೆ ಉಪ್ಪು ತಾಗುವ ಎರಡು ಕಾಲ ಅವೇ. ಹೂವಿನ ಪರೀಕ್ಷೆ ಗದ್ದೆಯಲ್ಲೇ ಆಗಬೇಕು. ಗಟ್ಟಿ ಕಾಳು, ಜೊಳ್ಳು ಎಣಿಸಿ.

ಎಫ್3 ಸಾಲುಗಳು ಮತ್ತು ಮುಂದೆ

ಆರಿಸಿದ ಗಿಡ ಕೆಂಪಿಗೆ ಶುದ್ಧವೋ ಮಿಶ್ರವೋ ಎಂಬುದು ಅಕ್ಕಿಯ ಮೇಲೆ ಬರೆದಿರುವುದಿಲ್ಲ. ಅದರ ಮಕ್ಕಳ ಸಾಲಿನಲ್ಲಿ ಒಂದಾದರೂ ಬಿಳಿ ಅಕ್ಕಿಯ ಗಿಡ ಬಂದರೆ ಮಿಶ್ರ. ಸಾಲಿಗೆ ಎಷ್ಟು ಗಿಡ ಬೇಕು? ಮಿಶ್ರ ತಾಯಿಯ ಸಾಲಿನಲ್ಲಿ ಬಿಳಿ ಕಾಣದೆ ತಪ್ಪಿಸಿಕೊಳ್ಳುವ ಸಾಧ್ಯತೆ 11 ಗಿಡಕ್ಕೆ ನೂರಕ್ಕೆ 4, 16 ಗಿಡಕ್ಕೆ ನೂರಕ್ಕೆ 1. ಸಾಲಿಗೆ 20 ನೆಟ್ಟು, ಪ್ರತಿ ಗಿಡದ ತೆನೆಯಿಂದ ಮೂರು ಕಾಳು ಸುಲಿದು ನೋಡಿ. ಗಿಡ್ಡತನಕ್ಕೆ ಈ ಕೆಲಸ ಬೇಡ. ದುರ್ಬಲ ಗುಣ ಕಂಡಿತೆಂದರೆ ಶುದ್ಧವೇ. ಗಿಡ್ಡ ಸಾಲಿನಲ್ಲಿ ಉದ್ದ ಗಿಡ ನಿಂತರೆ ಅದು ಬೇರೆ ಕಾಳು ಬೆರೆತದ್ದು ಅಥವಾ ಪರಪರಾಗ, ಕೀಳಿ.

ಪೀಳಿಗೆಗೊಮ್ಮೆ ಮಿಶ್ರತೆ ಅರ್ಧಕ್ಕಿಳಿಯುತ್ತದೆ: ಎಫ್2ರಲ್ಲಿ ಶೇಕಡಾ 50, ಎಫ್3ರಲ್ಲಿ 25, ಎಫ್4ರಲ್ಲಿ 12.5, ಎಫ್6ಕ್ಕೆ ಬರುವಾಗ 3ರ ಆಸುಪಾಸು. ಎಫ್4ರಿಂದ ಸಾಲುಗಳೊಳಗಿನ ಆಯ್ಕೆ ಬಿಟ್ಟು ಸಾಲು ಸಾಲುಗಳ ನಡುವೆ ಆರಿಸುವುದು, ಇಳುವರಿ ತೂಗುವುದು ಎಫ್5ರಿಂದ. ಆಗ 2×2 ಮೀಟರಿನ ಮಡಿ, ಪ್ರತಿ ಸಾಲಿಗೂ ಮೂರು ಮಡಿ, ಗದ್ದೆಯ ಮೂರು ಕಡೆ ಚೀಟಿ ಎತ್ತಿ ಹಂಚಿದ ಜಾಗದಲ್ಲಿ. ಗಜನಿ ಅಂಚಿನ ಗದ್ದೆಯಲ್ಲಿ ಕಟ್ಟೆಯ ಕಡೆಯ ಮಣ್ಣಿಗೂ ದರೆಯ ಕಡೆಯ ಮಣ್ಣಿಗೂ ಉಪ್ಪಿನಲ್ಲಿ ಅಜಗಜಾಂತರ. ಒಂದೇ ಕಡೆ ನೆಟ್ಟ ಸಾಲು ಗೆದ್ದರೆ ಗೆದ್ದದ್ದು ಜಾಗ. ಮಡಿಯ ನಾಲ್ಕು ಮೂಲೆಯಿಂದ ಮಣ್ಣು ತೆಗೆದು ಬಿತ್ತನೆಗೊಮ್ಮೆ, ಹೂವಿಗೊಮ್ಮೆ ಇ.ಸಿ. ಅಳೆದು ಇಳುವರಿಯ ಪಕ್ಕದಲ್ಲೇ ಬರೆಯಬೇಕು. ಏಡಿ, ಗುಬ್ಬಿ, ಇಲಿ ಸಣ್ಣ ಮಡಿಯನ್ನು ಹುಡುಕಿಕೊಂಡು ಬರುತ್ತವೆ, ಬಲೆ ಮೊದಲೇ ಕಟ್ಟಿ.

ಕಗ್ಗದ ಇನ್ನಷ್ಟು ಗುಣ ಬೇಕೆನಿಸಿದರೆ ಎಫ್3ರಲ್ಲಿ ಗೆದ್ದ ಗಿಡ್ಡ ಸಾಲನ್ನು ತಾಯಿಯಾಗಿಟ್ಟು ಮತ್ತೆ ಕಗ್ಗದ ಪರಾಗ ಹಾಕಬಹುದು. ಕಗ್ಗದ ಪಾಲು ಸರಾಸರಿ ಮುಕ್ಕಾಲಿಗೇರುತ್ತದೆ. ಆದರೆ ಹುಟ್ಟಿದವೆಲ್ಲ ಎತ್ತರ, ಗಿಡ್ಡ ಜೀನ್ ಒಳಗೆ ಅಡಗಿ ಕೂತಿರುತ್ತದೆ. ಅದನ್ನು ಹೊರತರಲು ಇನ್ನೊಂದು ಪೀಳಿಗೆ ಸ್ವಪರಾಗ ಮಾಡಿ ನಾಲ್ಕರಲ್ಲೊಂದನ್ನು ಹೆಕ್ಕಬೇಕು. ಎಲೆ ಕಳಿಸಿ ಪಿಸಿಆರ್ (ಡಿಎನ್ಎ ಪರೀಕ್ಷೆ) ಮಾಡಿಸುವ ಅನುಕೂಲವಿದ್ದರೆ ಎಸ್‌ಡಿ1ರಲ್ಲಿ ಬಿದ್ದುಹೋದ 383 ಅಕ್ಷರಗಳ ತುಂಡು ಸಸಿಯಲ್ಲೇ ಕಾಣುತ್ತದೆ, ಒಂದು ಹಂಗಾಮು ಉಳಿಯುತ್ತದೆ.

ಪ್ರತಿ ಪೀಳಿಗೆಯ ಕಾಳಿನಲ್ಲೂ ಒಂದು ಪಾಲು ಬಿತ್ತದೆ ಇಡಿ. ತೇವಾಂಶ ಶೇಕಡಾ 12ಕ್ಕಿಳಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಚೀಟಿ ಒಳಗೊಂದು ಹೊರಗೊಂದು. ಮುಡಿ ಕಟ್ಟುವುದು ಊಟದ ಭತ್ತಕ್ಕೂ ಬಿತ್ತನೆಯ ದೊಡ್ಡ ರಾಶಿಗೂ ಸರಿ, 20 ಗ್ರಾಂ ಕಾಳಿಗಲ್ಲ. ಸಾಲು ನೆಲೆನಿಂತ ಮೇಲೆ ಬಿತ್ತನೆ ಹಂಚಿಕೊಳ್ಳಲು ಯಾರ ಅಪ್ಪಣೆಯೂ ಬೇಡ: 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬೀಜ ಉಳಿಸಲು, ಬಿತ್ತಲು, ಬದಲಾಯಿಸಿಕೊಳ್ಳಲು, ಬ್ರಾಂಡ್ ಹಾಕದೆ ಮಾರಲೂ ಹಕ್ಕು ಕೊಡುತ್ತದೆ. ಕೊಡುವಾಗ ಚೀಟಿಯಲ್ಲಿ ‘ನಡುಗಜನಿಗೆ ಅಲ್ಲ’ ಎಂದು ಬರೆದೇ ಕೊಡಿ.